ಚಾರ್ಟಿನಲ್ಲಿ ಟಿಕ್, ಹಿಮ್ಮಡಿಯಲ್ಲಿ ಹುಣ್ಣು

ಲಕ್ವ, ಪೆಟ್ಟುಗಳ ನಂತರ ಚೇತರಿಕೆಗೆ ಸೇರಿಸುವ ರಿಹ್ಯಾಬ್ ಆಸ್ಪತ್ರೆಯಲ್ಲಿ ಆರೈಕೆ ಹದಗೆಟ್ಟಿದೆ ಎಂಬುದು ಮನೆಯವರಿಗೆ ತಡವಾಗಿ ಗೊತ್ತಾಗುತ್ತದೆ. ಅಲ್ಲಿ ಯಾರೂ ಗದರುವುದಿಲ್ಲ. ನೆಲ ಒರೆಸಿರುತ್ತದೆ, ಫಿಸಿಯೋ ಹಾಲಿನ ಸಲಕರಣೆಗಳು ಫಳಫಳ ಹೊಳೆಯುತ್ತಿರುತ್ತವೆ, ಕೇಳಿದರೆ "ಎಲ್ಲಾ ನೋಡ್ಕೋತಾ ಇದೀವಿ" ಎಂಬ ಉತ್ತರ ಸಿಗುತ್ತದೆ. ಮೂರನೇ ವಾರ ಯಾರೋ ಡೈಪರ್ ಬದಲಿಸಲು ಮಗ್ಗುಲು ಹೊರಳಿಸಿದಾಗ ಬೆನ್ನಿನ ಕೆಳತುದಿಯಲ್ಲಿ ಅಂಗೈಯಗಲದ ಹುಣ್ಣು ಕಾಣುತ್ತದೆ, ಒಂದೇ ಭಂಗಿಯಲ್ಲಿ ಮಲಗಿದ ಒತ್ತಡದಿಂದ ಆದದ್ದು. ಚಾರ್ಟ್ ತೆಗೆಸಿ ನೋಡಿದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದಕ್ಕೆ ಟಿಕ್. ಒಂದು ಚೌಕವೂ ಖಾಲಿ ಇಲ್ಲ.

ಆದ್ದರಿಂದ ಮನೆಯವರು ಕಲಿಯಬೇಕಾದದ್ದು ಕಾಗದ ಹೇಳುವುದನ್ನೂ ಮೈ ಹೇಳುವುದನ್ನೂ ಅಕ್ಕಪಕ್ಕ ಇಟ್ಟು ಓದುವುದನ್ನು. ಎರಡೂ ಒಂದೇ ಮಾತಾಡುತ್ತಿದ್ದರೆ ನೆಮ್ಮದಿಯಾಗಿರಬಹುದು. ಬೇರೆ ಬೇರೆ ಮಾತಾಡುತ್ತಿದ್ದರೆ ನಂಬಬೇಕಾದದ್ದು ಮೈಯನ್ನು. ಲಕ್ವ, ಬೆನ್ನುಹುರಿ ಪೆಟ್ಟು, ತಲೆಗೆ ಪೆಟ್ಟು, ಸೊಂಟದ ಮೂಳೆ ಮುರಿತ, ಯಾವ ಕಾರಣಕ್ಕೆ ಸೇರಿಸಿದ್ದರೂ ಇದು ಅನ್ವಯಿಸುತ್ತದೆ.

ಮೊದಲು ಚರ್ಮ. ಸೇರಿಸಿದ ದಿನವೇ, ಮೊದಲ ಕೆಲವು ಗಂಟೆಗಳಲ್ಲೇ, ನರ್ಸ್ ಜೊತೆ ನಿಂತು ತಲೆಯಿಂದ ಹಿಮ್ಮಡಿಯವರೆಗೆ ಚರ್ಮ ನೋಡಿ, ಏನಿದೆಯೋ ಅದನ್ನು ಫೈಲಿನಲ್ಲಿ ಬರೆಸಿ. ಏನೂ ಇಲ್ಲದಿದ್ದರೆ "ಏನೂ ಇಲ್ಲ" ಎಂದೇ ಬರೆಸಿ. ಇದನ್ನು ಬಿಟ್ಟವರಿಗೆ ಆಮೇಲೆ ಸಿಗುವ ಉತ್ತರ ಯಾವಾಗಲೂ ಒಂದೇ: "ಇದು ಹಿಂದಿನ ಆಸ್ಪತ್ರೆಯಿಂದಲೇ ಬಂದದ್ದು." ಆ ಮಾತು ಕೆಲವೊಮ್ಮೆ ನಿಜವೂ ಹೌದು. ಒಳಗಿನ ಮಾಂಸ ಜಜ್ಜಿಹೋಗಿದ್ದರೆ ಅದು ನೇರಳೆ ಕಲೆಯಾಗಿ ಮೇಲೆ ಕಾಣಿಸಿಕೊಳ್ಳಲು 48ರಿಂದ 72 ಗಂಟೆ ಹಿಡಿಯಬಹುದು. ಸೇರಿದ ಎರಡನೇ ದಿನ ಕಂಡ ನೇರಳೆ ಕಲೆಗೆ ಹೊಸ ವಾರ್ಡನ್ನು ದೂರಿದರೆ ನ್ಯಾಯವಾಗದು. ಹತ್ತನೇ ದಿನ ಕಂಡದ್ದಕ್ಕೆ ಹಳೆಯ ಆಸ್ಪತ್ರೆಯತ್ತ ಕೈತೋರಿಸುವುದೂ ಆಗದು.

ನೋಡಬೇಕಾದ ಜಾಗಗಳು: ಬೆನ್ನಿನ ಕೆಳತುದಿ, ಕುಂಡಿಯ ಮೂಳೆ, ಸೊಂಟದ ಎರಡೂ ಪಕ್ಕ, ಹಿಮ್ಮಡಿ, ಕಾಲಿನ ಗಿಣ್ಣು, ಮೊಣಕೈ, ತಲೆಯ ಹಿಂಭಾಗ, ಕಿವಿಯ ಅಂಚು. ಆಮ್ಲಜನಕದ ನಳಿಕೆ ಹಾಕಿದ್ದರೆ ಕಿವಿಯ ಹಿಂಬದಿ, ಆಹಾರ ಬಿಡುವ ಮೂಗಿನ ನಳಿಕೆ ಇದ್ದರೆ ಹೊಳ್ಳೆಯ ಅಂಚು. ಕೆಂಪಾದ ಜಾಗವನ್ನು ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಡಬೇಕು. ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ ಎಂದರ್ಥ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಅದು ಮೊದಲನೇ ಹಂತದ ಹುಣ್ಣು, ಚರ್ಮ ಹರಿಯದಿದ್ದರೂ ಹುಣ್ಣೇ. ನಮ್ಮ ಹಾಗೆ ಕಂದು, ಕಪ್ಪು ಮೈಬಣ್ಣದವರಲ್ಲಿ ಈ ಕೆಂಪು ಎಷ್ಟೋ ಸಲ ಕಾಣುವುದೇ ಇಲ್ಲ. ಪುಸ್ತಕದ ಚಿತ್ರ ನೋಡಿ ಕಲಿತವರು ಇಲ್ಲೇ ಎಡವುತ್ತಾರೆ. ಕಣ್ಣಿನ ಬದಲು ಕೈ ಬಳಸಬೇಕು. ಬೆರಳ ಹಿಂಬದಿಯಿಂದ ಮುಟ್ಟಿದಾಗ ಆ ಜಾಗ ಪಕ್ಕದ ಚರ್ಮಕ್ಕಿಂತ ಬಿಸಿ ಅಥವಾ ತಣ್ಣಗೆ ಇದೆಯೇ, ಗಟ್ಟಿಯೋ ಮೆತ್ತಗೋ, ಮುಟ್ಟಿದರೆ ಮುಖ ಕಿವುಚುತ್ತಾರೋ ಎಂದು ನೋಡಬೇಕು. ಎರಡನೇ ಹಂತದಲ್ಲಿ ಮೇಲ್ಚರ್ಮ ಕಿತ್ತಿರುತ್ತದೆ ಅಥವಾ ನೀರುಗುಳ್ಳೆ ಎದ್ದಿರುತ್ತದೆ, ಮೂರರಲ್ಲಿ ಕೊಬ್ಬು ಕಾಣುತ್ತದೆ, ನಾಲ್ಕರಲ್ಲಿ ಮಾಂಸಖಂಡ ಅಥವಾ ಮೂಳೆ. ಕೆಂಪು ಜಾಗವನ್ನು ತಿಕ್ಕಬೇಡಿ, ಎಣ್ಣೆ ಹಾಕಿ ಮಾಲೀಶು ಮಾಡುವುದಂತೂ ಬೇಡವೇ ಬೇಡ. ನಡುವೆ ತೂತಿರುವ ಗಾಳಿ ದಿಂಬನ್ನೂ ಕೊಳ್ಳಬೇಡಿ. ಹುಣ್ಣಿಗೆ ಒತ್ತಡ ತಪ್ಪಿಸುವಂತೆ ಕಂಡರೂ ಅದರ ಅಂಚು ಸುತ್ತಲಿನ ರಕ್ತದ ಹರಿವನ್ನೇ ಅಮುಕುತ್ತದೆ. ಇಷ್ಟಾದರೂ ಅದು ಮಾರಾಟವಾಗುತ್ತಲೇ ಇದೆ.

ಈಗ ಮಗ್ಗುಲು ಬದಲಿಸುವ ಚಾರ್ಟ್. ಎರಡು ಗಂಟೆಗೊಮ್ಮೆ ಎಂದರೆ ದಿನಕ್ಕೆ 12 ಸಲ. 8, 10, 12, 2, 4 ಎಂದು ಒಂದು ನಿಮಿಷವೂ ಆಚೀಚೆಯಾಗದೆ, ಒಂದೇ ಪೆನ್ನಿನಲ್ಲಿ, ಒಂದೇ ರೀತಿ ಓರೆಯಾದ ಸಹಿಯಲ್ಲಿ ತುಂಬಿದ್ದರೆ ಅದು ಡ್ಯೂಟಿ ಮುಗಿಯುವಾಗ ಕೂತು ಬರೆದದ್ದಿರಬಹುದು. ಪರೀಕ್ಷೆ ಸುಲಭ. ಅದೇ ದಿನದ ಫಿಸಿಯೋ ಹಾಳೆ ಪಕ್ಕದಲ್ಲಿಟ್ಟುಕೊಳ್ಳಿ. ಫಿಸಿಯೋ 1:45ರಿಂದ 2:30ರವರೆಗೆ ಪ್ಯಾರಲಲ್ ಬಾರ್ (ಹಿಡಿದು ನಿಲ್ಲುವ ಜೋಡಿ ಕಂಬಿ) ನಡುವೆ ನಿಲ್ಲಿಸಿದ್ದಾಗಿ ಬರೆದಿದ್ದಾರೆ. 2ಕ್ಕೆ ಸರಿಯಾಗಿ ನರ್ಸಿಂಗ್ ಚಾರ್ಟ್ "ಎಡಮಗ್ಗುಲು" ಎನ್ನುತ್ತಿದೆ. ಒಬ್ಬರೇ ಮನುಷ್ಯ ಎರಡು ಕಡೆ ಇರಲಾರರಲ್ಲ! ಇಂಥ ಒಂದು ಜೋಡಿ ಸಿಕ್ಕರೆ ಸಾಕು, ಉಳಿದ ಟಿಕ್‌ಗಳ ಬೆಲೆಯೂ ಅಷ್ಟೇ.

ಮಗ್ಗುಲು ಬದಲಿಸುವ ರೀತಿಯೂ ಮುಖ್ಯ. ಪೂರ್ತಿ 90 ಡಿಗ್ರಿ ತಿರುಗಿಸಿದರೆ ಇಡೀ ಭಾರ ಸೊಂಟದ ಪಕ್ಕದ ಮೂಳೆಯ ಮೇಲೆ ಕೂರುತ್ತದೆ. ಬೆನ್ನಿನ ಹಿಂದೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆ ಮಾಡಿದರೆ ಸಾಕು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಉದ್ದಕ್ಕೂ ದಿಂಬಿಡಬೇಕು. ಹಿಮ್ಮಡಿಯ ಕೆಳಗೇ ದಿಂಬಿಟ್ಟರೆ ಒತ್ತಡ ಹಾಗೇ ಉಳಿಯಿತು. ತಲೆಭಾಗ 30 ಡಿಗ್ರಿಗಿಂತ ಎತ್ತರದಲ್ಲಿ ತುಂಬ ಹೊತ್ತು ಇದ್ದರೆ ಮೈ ಕೆಳಕ್ಕೆ ಜಾರುತ್ತದೆ. ಚರ್ಮ ಹಾಸಿಗೆಗೆ ಅಂಟಿಕೊಂಡೇ ಇರುತ್ತದೆ, ಮೂಳೆ ಮಾತ್ರ ಸರಿಯುತ್ತದೆ, ನಡುವಿನ ರಕ್ತನಾಳ ತಿರುಚಿಕೊಳ್ಳುತ್ತದೆ. ಬೆನ್ನಿನ ಕೆಳತುದಿಯ ಹುಣ್ಣು ಎಷ್ಟೋ ಸಲ ಹೀಗೇ ಶುರುವಾಗುತ್ತದೆ. ಜಾರಿದವರನ್ನು ಕಂಕುಳಿಗೆ ಕೈಹಾಕಿ ಮೇಲಕ್ಕೆ ಎಳೆಯುವುದು ಇನ್ನೂ ಕೆಟ್ಟದ್ದು. ಅಡ್ಡ ಹಾಸಿದ ಬಟ್ಟೆಯನ್ನು ಇಬ್ಬರು ಹಿಡಿದು ಎತ್ತಿ ಸರಿಸಬೇಕು.

ಏರ್ ಬೆಡ್ ಹಾಕಿದ್ದಾರೆ ಎಂದು ಸುಮ್ಮನಾಗಬೇಡಿ. ಪಂಪಿನ ದೀಪ ಉರಿಯುತ್ತಿದೆಯೇ, ಕೊಳವೆ ಮಂಚದ ಚಕ್ರಕ್ಕೆ ಸಿಕ್ಕಿದೆಯೇ, ರೋಗಿಯ ತೂಕಕ್ಕೆ ತಕ್ಕಂತೆ ತಿರುಗಣೆ ಇದೆಯೇ ನೋಡಿ. ಆಮೇಲೆ ಅಂಗೈ ಮೇಲಾಗಿಸಿ ಗಾಳಿ ಹಾಸಿಗೆಯ ಕೆಳಗೆ, ಸರಿಯಾಗಿ ಕುಂಡಿಯ ಕೆಳಗಿನ ಜಾಗಕ್ಕೆ ಕೈ ತೂರಿಸಿ. ಕೈಗೂ ಮೈಗೂ ನಡುವೆ ಕನಿಷ್ಠ ಎರಡೂವರೆ ಸೆಂಟಿಮೀಟರ್ ಗಾಳಿ ಇರಬೇಕು. ಮೂಳೆ ಕೈಗೆ ನೇರ ತಾಗಿದರೆ ಹಾಸಿಗೆ ತಳ ಹಿಡಿದಿದೆ, ಅದು ಇದ್ದೂ ಇಲ್ಲದಂತೆ. ಅದರ ಮೇಲೆ ರಬ್ಬರ್ ಶೀಟು, ಬೆಡ್‌ಶೀಟು, ಮತ್ತೊಂದು ಮಡಚಿದ ಬಟ್ಟೆ, ಡೈಪರ್ ಎಂದು ಪದರ ಹೇರಿದರೂ ಅದರ ಉಪಯೋಗ ಹೋಯಿತು. ಏರ್ ಬೆಡ್ ಇದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಗಾಲಿಕುರ್ಚಿಯಲ್ಲಿ ಕೂತವರಿಗೂ ಬಿಡುವಿಲ್ಲ: 15ರಿಂದ 30 ನಿಮಿಷಕ್ಕೊಮ್ಮೆ ಭಾರ ಸರಿಸಬೇಕು, ತಾವೇ ಸರಿಸಲಾಗದವರನ್ನು ಬೇರೆಯವರು ವಾಲಿಸಬೇಕು. ಬೆಳಿಗ್ಗೆ ಕೂರಿಸಿದವರನ್ನು ಮಧ್ಯಾಹ್ನದವರೆಗೂ ಟಿವಿ ಮುಂದೆ ಬಿಡುವುದು "ಚಟುವಟಿಕೆ" ಎಂದು ದಾಖಲಾಗುತ್ತದೆ. ಕುಂಡಿಗೆ ಆ ಲೆಕ್ಕ ಗೊತ್ತಿಲ್ಲ.

ಊಟದ ವಿಷಯದಲ್ಲಿ ಕಾಗದ ಇನ್ನೂ ಸುಳ್ಳು ಹೇಳುತ್ತದೆ, ಕೆಲವೊಮ್ಮೆ ಯಾರ ದುರುದ್ದೇಶವೂ ಇಲ್ಲದೆ. "ಅರ್ಧ ಊಟ ಬಿಟ್ಟರು" ಎಂಬ ಸಾಲು ದಿನಾ ಕಂಡರೆ ತಟ್ಟೆ ನೋಡಿ. ಯಾವಾಗಲೂ ಎಡ ಅರ್ಧವೇ ಉಳಿದಿದ್ದರೆ ಅದು ಹಸಿವಿನ ಪ್ರಶ್ನೆಯಲ್ಲ. ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಎಷ್ಟೋ ಜನರಿಗೆ ಎಡಗಡೆಯ ಲೋಕವೇ ಗಮನಕ್ಕೆ ಬರುವುದಿಲ್ಲ. ತಟ್ಟೆ ತಿರುಗಿಸಿಟ್ಟರೆ ಉಳಿದದ್ದನ್ನೂ ಉಣ್ಣುತ್ತಾರೆ. ಕರೆಗಂಟೆಯನ್ನು ಎಡಗಡೆ ಸಿಕ್ಕಿಸಿದ್ದರೆ ಅದೂ ಅವರ ಪಾಲಿಗೆ ಇಲ್ಲ. ಮಾತು ಹೋದವರಿಗಂತೂ ಗಂಟೆ ಒತ್ತಿ "ಏನು ಬೇಕು" ಎಂದು ಮೈಕಿನಲ್ಲಿ ಕೇಳಿಸಿಕೊಂಡು ಏನು ಪ್ರಯೋಜನ? ಹೌದು, ಇಲ್ಲ, ನೋವು, ನೀರು, ಶೌಚ, ಇಷ್ಟರ ಚಿತ್ರವಿರುವ ಒಂದು ರಟ್ಟು ಹಾಸಿಗೆಗೆ ಕಟ್ಟಿ.

ನುಂಗುವ ತೊಂದರೆ ಇದ್ದರೆ ಉಣಿಸುವಾಗ ಬೆನ್ನು ನೆಟ್ಟಗೆ ಕೂರಿಸಬೇಕು, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು, ಒಂದು ತುತ್ತು ಇಳಿದದ್ದು ಖಾತ್ರಿಯಾದ ಮೇಲಷ್ಟೇ ಇನ್ನೊಂದು. ಲಕ್ವ ಹೊಡೆದ ಕಡೆಯ ಕೆನ್ನೆಯಲ್ಲಿ ತುತ್ತು ಉಳಿದಿರುತ್ತದೆ, ಬಾಯಿ ತೆರೆಸಿ ನೋಡಬೇಕು. ನೆತ್ತಿ ಹತ್ತಿ ಕೆಮ್ಮಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಕೆಮ್ಮೇ ಬರದೆ ಶ್ವಾಸಕೋಶಕ್ಕೆ ಇಳಿಯುವುದು ನಿಜವಾದ ಅಪಾಯ. ಉಂಡ ಮೇಲೆ ದನಿ ಒದ್ದೆ ಒದ್ದೆಯಾಗಿ ಗೊರಗುಟ್ಟುವುದು, ಕಣ್ಣಲ್ಲಿ ನೀರು, ಉಸಿರು ಜೋರಾಗುವುದು, ಸಂಜೆ ಸಣ್ಣ ಜ್ವರ, ಇವು ಅದರ ಗುರುತು. ನುಂಗುವುದನ್ನೂ ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್, ನೆತ್ತಿ ಹತ್ತದಂತೆ ಪುಡಿ ಬೆರೆಸಿ ಇಂತಿಷ್ಟು ಗಟ್ಟಿ ಮಾಡಿದ ನೀರು ಎಂದು ಬರೆದಿಟ್ಟು ಹೋಗಿರುತ್ತಾರೆ. ರಾತ್ರಿ ಪಾಳಿಯ ಆಯಾ ಮಾತ್ರೆಯ ಜೊತೆ ಬರೀ ನೀರು ಕುಡಿಸುತ್ತಾರೆ. ಆ ಸೂಚನೆ ಫೈಲಿನ ಒಳಗಿದ್ದರೆ ಸಾಲದು, ತಲೆದೆಸೆಯ ಗೋಡೆಯ ಮೇಲಿರಬೇಕು. ಇನ್ನೊಂದು ಬಹಳ ಜನ ಕಡೆಗಣಿಸುವ ಕೆಲಸ: ಹಲ್ಲು, ನಾಲಿಗೆ ಉಜ್ಜುವುದು. ಬಾಯಿಯ ಕೊಳೆಯೇ ಎಂಜಲಿನ ಜೊತೆ ಇಳಿದು ನ್ಯುಮೋನಿಯಾ ಆಗುತ್ತದೆ. ನಾಲಿಗೆಯ ಮೇಲೆ ಒಣಗಿದ ಬಿಳಿ ಪದರ ಕಂಡರೆ "ಬಾಯಿ ಸ್ವಚ್ಛತೆ ಮಾಡಲಾಗಿದೆ" ಎಂಬ ಟಿಕ್ಕನ್ನು ಯಾರೂ ನಂಬಬೇಕಿಲ್ಲ. ಮೂಗಿನ ನಳಿಕೆ ಇದ್ದವರಿಗೆ, ಹೊಳ್ಳೆಯ ಬಳಿ ನಳಿಕೆಯ ಮೇಲೆ ಎಷ್ಟನೇ ಗುರುತಿದೆ ಎಂದು ಬರೆದಿಟ್ಟುಕೊಳ್ಳಿ. ಗುರುತು ಹೊರಗೆ ಸರಿದಿದ್ದರೆ ಪರೀಕ್ಷಿಸದೆ ಆಹಾರ ಬಿಡಗೊಡಬಾರದು.

ಗಟ್ಟಿ ಮಾಡಿದ ನೀರನ್ನು ಜನ ಕಡಿಮೆ ಕುಡಿಯುತ್ತಾರೆ, ಅದಕ್ಕೇ ಮೈಯ ನೀರು ಆರುತ್ತದೆ. ಕ್ಯಾತಿಟರ್ (ಮೂತ್ರದ ನಳಿಕೆ) ಮತ್ತು ಯೂರಿನ್ ಬ್ಯಾಗ್ ಇದ್ದರೆ ಲೆಕ್ಕ ಸುಲಭ: ಕಿಲೋ ತೂಕಕ್ಕೆ ಗಂಟೆಗೆ ಅರ್ಧ ಮಿಲಿಲೀಟರ್ ಕನಿಷ್ಠ. 60 ಕಿಲೋದವರಿಗೆ ಗಂಟೆಗೆ 30, ದಿನಕ್ಕೆ 700ರ ಮೇಲೆ. ಬ್ಯಾಗ್ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಫಿಸಿಯೋಗೆ ಕರೆದೊಯ್ಯುವಾಗ ತೊಡೆಯ ಮೇಲೋ ಹೊಟ್ಟೆಯ ಮೇಲೋ ಇಟ್ಟರೆ ಮೂತ್ರ ಹಿಂದಕ್ಕೆ ಹರಿಯುತ್ತದೆ, ಸೋಂಕಿನ ದಾರಿ ಅದು. "ಕ್ಯಾತಿಟರ್ ಇನ್ನೂ ಯಾಕೆ ಬೇಕು?" ಎಂದು ರೌಂಡ್ಸ್‌ನಲ್ಲಿ ದಿನಾ ಕೇಳಿ. ಎಷ್ಟೋ ಕ್ಯಾತಿಟರ್ ರೋಗಿಗೆ ಬೇಕಾಗಿ ಉಳಿದಿರುವುದಿಲ್ಲ, ಡೈಪರ್ ಬದಲಿಸುವ ಕೆಲಸ ಉಳಿಯುತ್ತದೆಂದು ಉಳಿದಿರುತ್ತದೆ. ಮಲದ ಲೆಕ್ಕವನ್ನೂ ಹಾಗೇ ಇಡಿ. ಮೂರು ದಿನ ಆಗದೆ ನಾಲ್ಕನೇ ದಿನ ನೀರು ನೀರಾಗಿ ಸೋರಿದರೆ ಅದು ಭೇದಿಯೇ ಎಂದು ಹೇಳಲಾಗದು. ಗಟ್ಟಿ ಉಂಡೆಯ ಪಕ್ಕದಿಂದ ಸೋರುತ್ತಿರಬಹುದು, ಅದಕ್ಕೆ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಮಲ ಇನ್ನಷ್ಟು ಕಟ್ಟಿಕೊಳ್ಳುತ್ತದೆ.

ಭುಜದ ಬಗ್ಗೆ ಹೇಳಲೇಬೇಕು. ಲಕ್ವ ಹೊಡೆದ ಕೈಯ ಭುಜದ ಕೀಲನ್ನು ಹಿಡಿದಿಟ್ಟಿರುವ ಸ್ನಾಯುಗಳು ಸಡಿಲವಾಗಿರುತ್ತವೆ. ಆ ಕೈ ಹಿಡಿದು ಎಬ್ಬಿಸಿದರೆ, ಕಂಕುಳಿಗೆ ಕೈಕೊಟ್ಟು ಎತ್ತಿದರೆ, ಕುರ್ಚಿಯಲ್ಲಿ ಕೈ ಜೋತುಬಿದ್ದಿದ್ದರೆ ಕೀಲು ಕೆಳಗೆ ಜಾರುತ್ತದೆ. ಭುಜದ ತುದಿಮೂಳೆಯ ಕೆಳಗೆ ಒಂದು ಬೆರಳು ಕೂರುವಷ್ಟು ತಗ್ಗು ಸಿಗುತ್ತದೆ. ತಿಂಗಳ ಮೇಲೆ ನೋವು ಶುರುವಾದರೆ ಆ ಕೈಗೆ ವ್ಯಾಯಾಮ ಮಾಡಿಸಲೂ ಆಗದು. ಸೊಂಟಕ್ಕೆ ಬೆಲ್ಟ್ ಕಟ್ಟಿ ಅದನ್ನು ಹಿಡಿದು ಎಬ್ಬಿಸಬೇಕು. ಕೂತಾಗ ಕೈ ಕೆಳಗೆ ದಿಂಬು ಅಥವಾ ತಟ್ಟೆ ಇರಬೇಕು. ತಲೆಯ ಮೇಲಿನ ರಾಟೆಗೆ ಹಗ್ಗ ಹಾಕಿ ಒಳ್ಳೆಯ ಕೈಯಿಂದ ಕೆಟ್ಟ ಕೈ ಎಳೆಸುವ ವ್ಯಾಯಾಮ ಕಂಡರೆ ಫಿಸಿಯೋ ಮುಖ್ಯಸ್ಥರನ್ನು ಕೇಳಿ. ಸಡಿಲ ಭುಜಕ್ಕೆ ಅದು ಹಾನಿ.

"ರೋಗಿ ವ್ಯಾಯಾಮಕ್ಕೆ ನಿರಾಕರಿಸಿದರು." ರಿಹ್ಯಾಬ್ ಫೈಲಿನಲ್ಲಿ ಇದಕ್ಕಿಂತ ದುಬಾರಿ ವಾಕ್ಯ ಇನ್ನೊಂದಿಲ್ಲ. ನಾಲ್ಕು ಸಲ ಬಂದರೆ "ಪ್ರಗತಿ ಇಲ್ಲ, ಡಿಸ್ಚಾರ್ಜ್" ಎಂಬ ತೀರ್ಮಾನಕ್ಕೆ ಅದೇ ಆಧಾರ. ನಿರಾಕರಣೆಯ ಹಿಂದೆ ಸಾಮಾನ್ಯವಾಗಿ ಬಗೆಹರಿಸಬಹುದಾದ ಕಾರಣ ಇರುತ್ತದೆ: ನೋವಿನ ಮಾತ್ರೆ ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಕೊಟ್ಟಿಲ್ಲ, ರಾತ್ರಿಯ ನಿದ್ದೆ ಮಾತ್ರೆಯ ಮಂಪರು ಇಳಿದಿಲ್ಲ, ಡೈಪರ್ ಒದ್ದೆಯಾಗಿದೆ, ಕನ್ನಡಕ ಅಥವಾ ಕಿವಿಯ ಯಂತ್ರ ಡ್ರಾಯರಿನಲ್ಲಿದೆ. ಅಥವಾ ಎದ್ದು ನಿಂತರೆ ಬಿಪಿ ಬೀಳುತ್ತದೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ತಲೆ ಸುತ್ತಿ ಕೂತುಬಿಡುತ್ತಾರೆ, ಅದು ಹಟವಲ್ಲ. ಯಾಕೆ ನಿರಾಕರಿಸಿದರು ಎಂಬುದನ್ನೂ ಬರೆಯಿರಿ ಎಂದು ಕೇಳಿ. ಜೊತೆಗೆ ಸೇರಿದ ದಿನದ ಬಾರ್ಥೆಲ್ ಅಂಕ ಎಷ್ಟು, ಈ ವಾರ ಎಷ್ಟು ಎಂದು ಕೇಳಿ. ಉಣ್ಣುವುದು, ಶೌಚ, ಹಾಸಿಗೆಯಿಂದ ಕುರ್ಚಿಗೆ ಹೋಗುವುದು, ಮೆಟ್ಟಿಲು ಹತ್ತುವುದು ಮುಂತಾದ ಹತ್ತು ಕೆಲಸಗಳಿಗೆ 0ರಿಂದ 100ರವರೆಗೆ ಕೊಡುವ ಅಂಕ ಅದು. "ಪರವಾಗಿಲ್ಲ, ಸುಧಾರಿಸ್ತಾ ಇದಾರೆ" ಎಂಬುದಕ್ಕಿಂತ 35 ಇದ್ದದ್ದು 45 ಆಯಿತು ಎಂಬುದು ಉಪಯೋಗದ ಮಾತು.

ಔಷಧ ತಪ್ಪುವುದು ಹೆಚ್ಚಾಗಿ ಆಸ್ಪತ್ರೆ ಬದಲಾಗುವಾಗ. ಹಳೆಯ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಸಾಲು ಸಾಲಾಗಿ ಹೊಂದಿಸಿ, ಬಿಟ್ಟುಹೋದ ಪ್ರತಿಯೊಂದಕ್ಕೂ "ಬೇಕೆಂದೇ ನಿಲ್ಲಿಸಿದ್ದೋ, ಮರೆತದ್ದೋ" ಎಂದು ಕೇಳಿ. ಕೆಲವನ್ನು ಥಟ್ಟನೆ ನಿಲ್ಲಿಸುವಂತೆಯೇ ಇಲ್ಲ. ಸ್ನಾಯುಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್ ಏಕಾಏಕಿ ನಿಂತರೆ ಭ್ರಮೆ, ಫಿಟ್ಸ್ ಬರಬಹುದು. ಪಾರ್ಕಿನ್ಸನ್ ಇದ್ದವರಿಗೆ ಅದರ ಔಷಧ ಲೆವೊಡೋಪಾ ಒಂದು ಗಂಟೆ ತಡವಾದರೂ ಮೈ ಸೆಟೆದುಕೊಳ್ಳಬಹುದು. ಇನ್ಸುಲಿನ್ ಕೊಟ್ಟು ಊಟ ತಡವಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಹೊಸದಾಗಿ ಸೇರಿದ್ದನ್ನೂ ಕೇಳಿ, ಅದರಲ್ಲೂ ಸಂಜೆಯ ಹೊತ್ತು ರೋಗಿ ಇದ್ದಕ್ಕಿದ್ದಂತೆ "ತುಂಬಾ ಶಾಂತ"ವಾಗಿದ್ದರೆ: ಮಂಪರು ಬರಿಸುವ ಮಾತ್ರೆ ಸೇರಿರಬಹುದು.

ಬೆನ್ನುಹುರಿಗೆ ಎದೆಯ ಆರನೇ ಕಶೇರು (ಬೆನ್ನೆಲುಬಿನ ಮೂಳೆ) ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರ ಮನೆಯವರು ಒಂದು ಸಂಗತಿಯನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಅವರ ಮೇಲಿನ ಬಿಪಿ ಎಷ್ಟೋ ಸಲ 90ರಿಂದ 110ರ ನಡುವೆಯೇ ಇರುತ್ತದೆ. ಮೂತ್ರವೋ ಮಲವೋ ಕಟ್ಟಿದರೆ ಅದು ಥಟ್ಟನೆ ಏರಬಹುದು: ತಲೆ ಸಿಡಿಯುವ ನೋವು, ಮುಖ ಕೆಂಪೇರಿ ಬೆವರುವುದು, ಬಿಪಿ 140. ಗೊತ್ತಿಲ್ಲದ ನರ್ಸ್ "140 ನಾರ್ಮಲ್ಲೇ" ಎಂದು ಹೋಗಿಬಿಡಬಹುದು. ಅವರ ಮಾಮೂಲಿಗಿಂತ 20ರಿಂದ 40 ಏರಿದ್ದೇ ತುರ್ತು. ತಕ್ಷಣ ಎಬ್ಬಿಸಿ ಕೂರಿಸಬೇಕು, ಬಿಗಿ ಬಟ್ಟೆ ಸಡಿಲಿಸಬೇಕು, ಕ್ಯಾತಿಟರ್ ಮಡಿಚಿಕೊಂಡು ಮೂತ್ರ ಕಟ್ಟಿದೆಯೇ ನೋಡಬೇಕು, ಆಮೇಲೆ ಮಲ ಕಟ್ಟಿದೆಯೇ ಎಂದು. ಡಾಕ್ಟರನ್ನು ಆಗಲೇ ಕರೆಸಬೇಕು. ಕಾರಣ ಸಿಗದೆ ಬಿಪಿ ಏರುತ್ತಲೇ ಹೋದರೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು.

ಇಷ್ಟೆಲ್ಲ ಕಂಡ ಮೇಲೆ ಹೇಳುವುದು ಹೇಗೆ? ಕೂಗಾಡಿದರೆ ಫೈಲಿನಲ್ಲಿ "ಸಂಬಂಧಿಕರು ಅಸಹಕಾರ" ಎಂದು ಬರೆಯುತ್ತಾರೆ, ಆಮೇಲೆ ನಿಮ್ಮ ಪ್ರತಿ ಮಾತೂ ಆ ಕನ್ನಡಕದಿಂದಲೇ ಕಾಣುತ್ತದೆ. ಡ್ಯೂಟಿ ಬದಲಾಗುವ ಅರ್ಧ ಗಂಟೆ ಬಿಟ್ಟು, ಆ ಪಾಳಿಯ ಇನ್‌ಚಾರ್ಜ್ ನರ್ಸ್ ಬಳಿ ಹೋಗಿ. "ನೀವು ಸರಿಯಾಗಿ ನೋಡ್ಕೊಳ್ತಿಲ್ಲ" ಎಂದರೆ ಜಗಳ ಹುಟ್ಟುತ್ತದೆ. ಹೀಗೆ ಹೇಳಿ: "ಸಿಸ್ಟರ್, ಬೆಳಿಗ್ಗೆ 6ರಿಂದ 10ರವರೆಗೆ ಅಪ್ಪ ಬೆನ್ನ ಮೇಲೇ ಇದ್ರು. 8ಕ್ಕೆ ಎಡಮಗ್ಗುಲು ಅಂತ ಚಾರ್ಟಲ್ಲಿದೆ. ಈಗ ಇಬ್ರೂ ಸೇರಿ ಒಂದ್ಸಲ ತಿರುಗಿಸಿ ಚರ್ಮ ನೋಡೋಣ್ವಾ?" ಇದಕ್ಕೆ ಇಲ್ಲ ಎನ್ನುವುದು ಕಷ್ಟ. ಒಬ್ಬ ನರ್ಸ್ ಮೇಲೆ ಎಷ್ಟು ಹಾಸಿಗೆ ಬಿದ್ದಿದೆ ಎಂದೂ ಎಣಿಸಿ ನೋಡಿ. ಎಷ್ಟೋ ಟಿಕ್ಕಿನ ಹಿಂದೆ ಸೋಮಾರಿತನಕ್ಕಿಂತ ಜನ ಸಾಲದ ವಾರ್ಡ್ ಇರುತ್ತದೆ. ಅದು ತಿಳಿದಿದ್ದರೆ ದೂರು ಆಯಾ ತನಕ ನಿಲ್ಲದೆ ಆಡಳಿತದ ತನಕ ಹೋಗುತ್ತದೆ.

ಬಾಯಿಮಾತಿಗೆ ಒಂದು ದಿನ ಗಡುವು ಸಾಕು. ಆಮೇಲೆ ಬರವಣಿಗೆ: ಮೊದಲು ನರ್ಸಿಂಗ್ ಸೂಪರಿಂಟೆಂಡೆಂಟ್ ಮತ್ತು ಚಿಕಿತ್ಸೆ ಕೊಡುವ ಡಾಕ್ಟರಿಗೆ, ಅಲ್ಲಿ ಆಗದಿದ್ದರೆ ವೈದ್ಯಕೀಯ ಮುಖ್ಯಸ್ಥರಿಗೆ, ಅದಕ್ಕೂ ಮೇಲೆ ಆಸ್ಪತ್ರೆಗೆ ಪರವಾನಗಿ ಕೊಟ್ಟ ಪ್ರಾಧಿಕಾರಕ್ಕೆ. ಪತ್ರ ಒಂದು ಪುಟ ಮೀರದಿರಲಿ: ದಿನಾಂಕ, ಗಂಟೆ, ಕಂಡದ್ದು, ಯಾರಿಗೆ ಹೇಳಿದ್ದು, ಅವರು ಹೇಳಿದ್ದು, ಏನು ಆಗಬೇಕು, ಯಾವಾಗಿನೊಳಗೆ. ನಿರ್ಲಕ್ಷ್ಯ, ಕ್ರೌರ್ಯ ಎಂಬ ಪದ ಬೇಡ. "ಮೂರು ರಾತ್ರಿ ಗಂಟೆ ಒತ್ತಿದ ಮೇಲೆ 25, 40, 35 ನಿಮಿಷಕ್ಕೆ ಬಂದರು" ಎಂಬ ಸಾಲು ಆ ಪದಗಳಿಗಿಂತ ಗಟ್ಟಿ. ಸ್ವೀಕರಿಸಿದ ಸಹಿ ಪಡೆಯಿರಿ ಅಥವಾ ಇಮೇಲ್ ಮಾಡಿ. ಬಿದ್ದಿದ್ದರೆ ಘಟನಾ ವರದಿ ಬರೆದಿದ್ದಾರೆಯೇ ಎಂದು ಕೇಳಿ. ರಕ್ತ ತೆಳುವಾಗಿಸುವ ಔಷಧದಲ್ಲಿರುವವರು ತಲೆ ತಾಗಿಸಿಕೊಂಡು ಬಿದ್ದಿದ್ದರೆ, ಎಷ್ಟೇ ಚೆನ್ನಾಗಿ ಕಂಡರೂ ಡಾಕ್ಟರ್ ನೋಡಿ ಸ್ಕ್ಯಾನ್ ಬಗ್ಗೆ ಆಗಲೇ ತೀರ್ಮಾನಿಸಬೇಕು.

ಹುಣ್ಣಿನ ಫೋಟೋ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಇಡಿ, ದಿನಾಂಕ ಬರೆದ ಚೀಟಿ ಇಡಿ, ಮುಖ ಬೇಡ, ಪ್ರತಿ ಸಲ ಅದೇ ದೂರ ಮತ್ತು ಅದೇ ಬೆಳಕು. ಉದ್ದ ಎಂದರೆ ತಲೆಯಿಂದ ಕಾಲಿನ ದಿಕ್ಕಿಗೆ, ಅಗಲ ಅದಕ್ಕೆ ಅಡ್ಡ. ಆಳವನ್ನು ನರ್ಸ್ ಅಳೆಯಲಿ. ದಾಖಲೆಗಳ ಪ್ರತಿ ಕೇಳುವಾಗ "ಫೈಲ್ ಕೊಡಿ" ಎಂದರೆ ಡಿಸ್ಚಾರ್ಜ್ ಸಾರಾಂಶ ಮಾತ್ರ ಕೈಗೆ ಬರುತ್ತದೆ. ಹೆಸರಿಟ್ಟು ಕೇಳಿ: ಮಗ್ಗುಲು ಬದಲಿಸಿದ ಚಾರ್ಟ್, ನೀರು ಒಳಗೆ ಹೊರಗೆ ಹಾಳೆ, ಔಷಧ ಕೊಟ್ಟ ಹಾಳೆ, ಗಾಯದ ಹಾಳೆ, ಫಿಸಿಯೋ ಮತ್ತು ಸ್ಪೀಚ್ ಟಿಪ್ಪಣಿ, ವಾರದ ತೂಕ. ತಿಂಗಳಲ್ಲಿ ತೂಕ ನೂರಕ್ಕೆ 5ರಷ್ಟು ಇಳಿದಿದ್ದರೆ ಹುಣ್ಣು ಯಾಕೆ ಮಾಯುತ್ತಿಲ್ಲ ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಇರುತ್ತದೆ.

ಪತ್ರಕ್ಕೆ ಕಾಯಬಾರದ ಹೊತ್ತೂ ಇದೆ. ಒಂದೇ ಕಾಲು ಊದಿ ಮೀನಖಂಡ ನೋಯುವುದು, ಇದ್ದಕ್ಕಿದ್ದಂತೆ ಏದುಸಿರು, ಎಬ್ಬಿಸಿದರೂ ಏಳದ ಮಂಪರು, ಹೊಸದಾಗಿ ಬಾಯಿ ಸೊಟ್ಟಗಾಗುವುದು, ಜ್ವರದ ಜೊತೆ ನಡುಕ ಮತ್ತು ಗೊಂದಲ. ಇವುಗಳಲ್ಲಿ ಯಾವುದು ಕಂಡರೂ ಡ್ಯೂಟಿ ಡಾಕ್ಟರ್ ಈಗಲೇ ಹಾಸಿಗೆ ಬಳಿ ಬರಬೇಕು, ಬರದಿದ್ದರೆ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಸಾಗಿಸಬೇಕು.

ಬೇರೆ ಕಡೆ ಕರೆದೊಯ್ಯುವುದು ಎಂದು ತೀರ್ಮಾನಿಸಿದರೆ, ಹೊರಡುವ ಬೆಳಿಗ್ಗೆ ಮತ್ತೊಮ್ಮೆ ನರ್ಸ್ ಜೊತೆ ನಿಂತು ಚರ್ಮ ನೋಡಿ ಬರೆಸಿಕೊಳ್ಳಿ. ಕೊನೆಯ ಮಾತ್ರೆ ಎಷ್ಟು ಗಂಟೆಗೆ ಕೊಟ್ಟದ್ದು, ಕೊನೆಯ ಸಲ ಮಲವಾದದ್ದು ಯಾವಾಗ, ಕ್ಯಾತಿಟರ್ ಮತ್ತು ನಳಿಕೆ ಹಾಕಿದ ದಿನಾಂಕ, ನೀರು ಎಷ್ಟು ಗಟ್ಟಿ ಇರಬೇಕು, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆಸಿ ಜೇಬಿನಲ್ಲಿಟ್ಟುಕೊಳ್ಳಿ. ಆಂಬುಲೆನ್ಸಿನಲ್ಲಿ ಹಿಮ್ಮಡಿಯ ಕೆಳಗಲ್ಲ, ಮೀನಖಂಡದ ಕೆಳಗೆ ದಿಂಬು.